ಬೋರಯ್ಯನ ತಿಪ್ಪೆಯೊಳಗಿನ ಮೂಟೆ

ಕೋಟಿ ವಿದ್ಯೆಗಿಂತ ಮೀಟಿಂಗ್ ವಿದ್ಯೆಯೇ ಮೇಲು ಎಂದು ಹಿರಿಯರು ಹೇಳಲಿಲ್ಲ. ಭೀಮರಾಜನ ಕೆಲಸ ಸಿಕ್ಕಿದ್ದರೆ ಹೇಳುತ್ತಿದ್ದರು. ಇದು ನಡೆದ ಕಥೆ. ಅನುಮಾನವಿದ್ದವರು ಬೋರಯ್ಯನ ತಿಪ್ಪೆಯನ್ನೇ ಕೇಳಬಹುದು. ಅದು ಇನ್ನೂ ಅಲ್ಲೇ ಇದೆ, ಸ್ವಲ್ಪ ಇಳಿದಿದೆ ಅಷ್ಟೆ.

ಹಳೇಬೀಡಿನಿಂದ ಅರಸೀಕೆರೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಸಾವಯವ ರೈತರ ಗುಂಪೊಂದಿತ್ತು. ಅವರ ರಾಗಿ, ಕೊಬ್ಬರಿ ಯೂರೋಪಿನ ಅಂಗಡಿಗಳಿಗೆ ಹೋಗುತ್ತಿತ್ತು. ಯಾರೂ ಅಂಗಡಿ ಗೊಬ್ಬರ ಮುಟ್ಟದ ಹಾಗೆ ನೋಡಿಕೊಳ್ಳುವುದು ಭೀಮರಾಜನ ಕೆಲಸ. ಒಬ್ಬರು ಮುಟ್ಟಿದರೆ ಇಡೀ ಗುಂಪು ಹೊರಗೆ. ಮೀಟಿಂಗಿನಲ್ಲಿ ಇದನ್ನೇ ಹೇಳಿ ಹೇಳಿ ಅವನ ದನಿ ಅರಸೀಕೆರೆ ಸ್ಟೇಷನ್ನಿನ ಮೈಕಿನ ಹಾಗಾಗಿತ್ತು: ಹೇಳುವವನಿಗೂ ಬೇಡ, ಕೇಳುವವರಿಗೂ ಬೇಡ.

ಮನೆಗೆ ಬಂದರೆ ಅವ್ವ ಮುತ್ತಮ್ಮನ ಅರ್ಧ ಎಕರೆ. ಮೇಲ್ವಿಚಾರಕನ ಅವ್ವನಾದ ತಪ್ಪಿಗೆ ಗುಂಪಿಗೆ ಮೊದಲು ಸೇರಿದವಳು ಅವಳೇ. ವರ್ಷದ ಮುದ್ದೆ ಆ ಹೊಲದಿಂದಲೇ ಬರಬೇಕು. ಈ ಸಲ ಪೈರು ಅರಿಶಿನ ಹಚ್ಚಿಕೊಂಡ ಮದುವಣಗಿತ್ತಿಯ ಹಾಗೆ ಹಳದಿಯಾಗಿ ನಿಂತಿತ್ತು.

"ಇದ್ರ ಹೊಟ್ಟೆಗೆ ಏನೂ ಇಲ್ಲ ಕಣೋ," ಎಂದಳು ಮುತ್ತಮ್ಮ.

"ತಿಪ್ಪೆಗೊಬ್ಬರ ಹಾಕವ್ವ."

"ಹಾಕ್ತೀನಿ. ಹಸ ತಂದ್ಕೊಡು. ಮೊದ್ಲು ಅದು ಹಾಕ್ಲಿ, ಆಮೇಲೆ ನಾನು ಹಾಕ್ತೀನಿ."

"ಬೋರಯ್ಯನ್ನ ಕೇಳು."

"ಕೇಳ್ದೆ. ಮಂಗಳವಾರ, ಶುಕ್ರವಾರ ತಿಪ್ಪೆ ಕೊಟ್ರೆ ಲಕ್ಷ್ಮಿ ಹೊಂಟೋಯ್ತಾಳಂತೆ. ಮಿಕ್ಕ ದಿನ ಅವ್ನೇ ಎಲ್ಗೋ ಹೊಂಟೋಗಿರ್ತಾನೆ."

ಬೋರಯ್ಯ ಗುಂಪಿನ ಅಧ್ಯಕ್ಷ. ಕೊಟ್ಟಿಗೆ ತುಂಬ ದನ, ಮುತ್ತಮ್ಮನ ಹೊಲಕ್ಕೆ ತಾಗಿದ ಹಿತ್ತಲಿನಲ್ಲಿ ಮನೆಯೆತ್ತರದ ತಿಪ್ಪೆ. ದನವಿದ್ದವನಿಗೆ ಸಾವಯವ ಸುಲಭ. ಅವನು ಸುಮ್ಮನೆ ಕೂತರೂ ಅವನ ಪರವಾಗಿ ಹಸುಗಳು ಕೆಲಸ ಮಾಡುತ್ತಿರುತ್ತವೆ.

ಆ ವಾರ ಮುತ್ತಮ್ಮ ಅರಸೀಕೆರೆಯಿಂದ ಒಂದು ಮೂಟೆ ಯೂರಿಯಾ ತಂದು, ಕಂಬಳಿ ಹೊದಿಸಿ, ಜ್ವರ ಬಂದ ನೆಂಟನ ಹಾಗೆ ಮೂಲೆಯಲ್ಲಿ ಕೂರಿಸಿದಳು. ಒಂದು ಹದ ಮಳೆ ಬಿದ್ದರೆ ಎರಚಿಬಿಡುವುದು. ಭೀಮರಾಜ ಕಂಬಳಿಯನ್ನು ನೋಡಿದ, ನೋಡಲಿಲ್ಲ. ಬಯ್ಯುವುದಕ್ಕೂ ಒಂದಿಷ್ಟು ಕಸುವು ಬೇಕು.

ಇಲ್ಲಿ ಮಧುಕುಮಾರ ಬರುತ್ತಾನೆ. ಭೀಮರಾಜನ ಜೊತೆ ಬಿ.ಎ. ಮುಗಿಸಿ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾದವನು. ಹರಾಜು ಕೂಗುವವನಿಂದ ಹಿಡಿದು ತಾನು ಕಲಿತ ಕಾಲೇಜಿನ ಪ್ರಿನ್ಸಿಪಾಲರವರೆಗೆ ಎಲ್ಲರ ದನಿಯೂ ಅವನ ಗಂಟಲಲ್ಲಿ ಬಾಡಿಗೆಗಿತ್ತು. ಭೀಮರಾಜನಿಗೆ ಸಂಬಳ ಕೊಡುವ ಬೇಲೂರು ಆಫೀಸಿನ ಮುಖ್ಯಸ್ಥೆ ಶಾಂತಾದೇವಿಯವರದಂತೂ ಅಚ್ಚು ಹಾಕಿದ ಹಾಗೆ: ಮಾತಿಗೊಂದು 'ಆಯ್ತಾ', ಆಯ್ತಾಕ್ಕೊಂದು ಕೆಮ್ಮು.

ಗುರುವಾರ ಸಂಜೆ ಭೀಮರಾಜನ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

"ಭೀಮರಾಜ್, ಫಾರಿನ್ ಗೆಸ್ಟ್ ಹಳೇಬೀಡು ಬಿಟ್ಟಿದ್ದಾರೆ, ಆಯ್ತಾ?" ಕೆಮ್ಮು. "ಮನೆ ಒಳಗೆಲ್ಲ ನೋಡ್ತಾರಂತೆ. ಮೊದಲು ನಿಮ್ಮನೆ, ಆಯ್ತಾ?" ಕೆಮ್ಮು.

ಅತಿಥಿಗಳು ಬೇಲೂರಿಗೆ ಬಂದಿರುವುದು ನಿಜವಾಗಿತ್ತು. ಭೀಮರಾಜ ಮೂಟೆಯನ್ನು ಹೆಗಲಿಗೇರಿಸಿ ಹಿತ್ತಲ ಬಾಗಿಲಿಂದ ಓಡಿದ. ಪರರ ತಿಪ್ಪೆಯನ್ನು ಯಾರೂ ಕೆದಕುವುದಿಲ್ಲ, ಅದು ಊರಿನ ನಂಬಿಕೆ. ಬೋರಯ್ಯನ ತಿಪ್ಪೆ ಬಗೆದು, ಮೂಟೆ ಹೂತು, ಅವಸರದಲ್ಲಿ ಹಾರೆ ತಗುಲಿ ಚೀಲ ಉದ್ದಕ್ಕೂ ಹರಿದರೂ ಬಿಡದೆ, ಮೇಲೆ ಸಗಣಿ ಎಳೆದು, ಕಾಲು ತೊಳೆದು ಜಗಲಿಯ ಮೇಲೆ ಕೂತ.

ಅತಿಥಿಗಳು ಬರಲಿಲ್ಲ. ಮಳೆ ಬಂತು. ಮಳೆ ನಿಂತ ಮೇಲೆ ಬೈಕಿನಲ್ಲಿ ಮಧುಕುಮಾರ ಬಂದ.

"ಗೆಸ್ಟ್ ಬಂದ್ರಾ, ಆಯ್ತಾ?" ಎಂದು ಕೆಮ್ಮಿದ.

"ಅವ್ವನ ಯೂರಿಯಾ," ಎಂದು ಭೀಮರಾಜ ತಿಪ್ಪೆಯ ಕಡೆ ಕೈ ತೋರಿಸಿದ. ಆಮೇಲೆ ಸೂರಿನಿಂದ ತೊಟ್ಟಿಕ್ಕುತ್ತಿದ್ದ ನೀರಿನ ಕಡೆ. ಮಧುಕುಮಾರನ ನಗು ಅರ್ಧಕ್ಕೇ ಕೂತಿತು. ಮುತ್ತಮ್ಮ ಖಾಲಿ ಕಂಬಳಿಯನ್ನು ಮಡಿಸಿಟ್ಟು, "ಮಳೆ ಹದವಾಗ್ ಬಂತು ಬಿಡು," ಎಂದಳಷ್ಟೆ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ರಾತ್ರಿ ಇಲ್ಲೇ ಉಳಿದ ಮಧುಕುಮಾರ ಬೆಳಗ್ಗೆ ಕೆರೆ ಕಡೆ ಹೋಗಿದ್ದಾಗ ಮತ್ತೆ ಹೊಸ ನಂಬರು, ಮತ್ತೆ ಅದೇ ದನಿ. "ಭೀಮರಾಜ್, ಹೊರಟಿದ್ದೀವಿ, ಆಯ್ತಾ?"

"ಸಾಕು, ಮುಚ್ಕೊಂಡ್ ಮಲಗ್ಲಾ," ಎಂದು ಭೀಮರಾಜ ಫೋನಿಟ್ಟ.

ಅದು ಡ್ರೈವರನ ಫೋನಿನಿಂದ ಮಾತಾಡಿದ ನಿಜವಾದ ಶಾಂತಾದೇವಿ. ಜೀಪಿನಿಂದಿಳಿದವರು ಅವನನ್ನೊಮ್ಮೆ ನೋಡಿ, ಲೆಕ್ಕವನ್ನು ಆಮೇಲಕ್ಕೆ ಎತ್ತಿಟ್ಟುಕೊಂಡರು. ಜೊತೆಯಲ್ಲಿ ಯೂರೋಪಿನ ಒಬ್ಬ ಮೇಡಂ, ಇನ್ನೊಬ್ಬಳು ಆಫ್ರಿಕದ ಮಲಾವಿ ದೇಶದ ರೈತ ಹೆಂಗಸು, ಚಿಸಾಲೆ ಎಂದು ಹೆಸರು, ಅಲ್ಲೂ ಮೇಡಮ್ಮಿನದೇ ಇಂಥ ಗುಂಪು. ಸಾವಯವದಲ್ಲಿ ಹೇಗೆ ನೆಮ್ಮದಿಯಾಗಿ ಬದುಕಬಹುದೆಂದು ತೋರಿಸಲು ಅವಳನ್ನು ಕರೆತಂದಿದ್ದರು. ನೆಮ್ಮದಿಗೆ ಮಾದರಿ ಭೀಮರಾಜ.

ಮೇಡಂ ಕೆಟ್ಟವರಲ್ಲ. ಅಂಗಡಿ ಗೊಬ್ಬರ ಹರಿದು ತಮ್ಮೂರಿನ ಹೊಳೆ ಕೆಟ್ಟದ್ದನ್ನು ಕಣ್ಣಾರೆ ಕಂಡವರು. ತಿಪ್ಪೆ ಎಂದರೆ ಅವರಿಗೆ ದೇವಸ್ಥಾನ, ನೇರ ಅಲ್ಲಿಗೇ ನಡೆದರು. ರಾತ್ರಿಯೆಲ್ಲ ಮಳೆನೀರಿಗೂ ಸಗಣಿಯ ಕಾವಿಗೂ ಸಿಕ್ಕ ಯೂರಿಯಾ ಕರಗಿ, ಕಣ್ಣಿಗೆ ಚುಚ್ಚುವಂಥ ಘಾಟು ಎಬ್ಬಿಸಿತ್ತು. ಮೇಡಂ ಒಂದು ಹಿಡಿ ಎತ್ತಿ ಮೂಸಿದರು. ಕಣ್ಣಲ್ಲಿ ನೀರು ಬಂತು.

"ಎಷ್ಟು ಜೀವಂತವಾಗಿದೆ ಅಂತಾರೆ," ಎಂದ ಮಧುಕುಮಾರ. ಅವನೇ ದುಭಾಷಿ.

ಬೋರಯ್ಯ ಎದೆಯುಬ್ಬಿಸಿದ. ಮೇಡಂ ಪಕ್ಕದ ಹಳದಿ ರಾಗಿಯನ್ನು ನೋಡಿ, ಇಂಥ ಗೊಬ್ಬರ ಇಟ್ಟುಕೊಂಡು ನೆರೆಯವಳಿಗೆ ಯಾಕೆ ಕೊಟ್ಟಿಲ್ಲ ಎಂದು ಕೇಳಿದರು.

"ಇವತ್ತು ಶುಕ್ರವಾರ ಕಣ್ರೀ," ಎಂದ ಬೋರಯ್ಯ.

"ಕೊಡೋಕೆ ಶುಕ್ರವಾರಕ್ಕಿಂತ ಒಳ್ಳೆ ದಿನ ಬೇರಿಲ್ಲ ಅಂತಿದ್ದಾರೆ," ಎಂದು ಮಧುಕುಮಾರ ಇಂಗ್ಲಿಷಿನಲ್ಲಿ ದಾಟಿಸಿದ. ಮೇಡಂ ಕೈಮುಗಿದು ಫೋನಿನಲ್ಲಿ ಚಿತ್ರ ಹಿಡಿಯತೊಡಗಿದರು. ಫೋನಿನ ಮುಂದೆ ಇಲ್ಲವೆನ್ನಲಾಗದೆ ಬೋರಯ್ಯ ತಲೆಯಾಡಿಸಿದ, ಅವನ ಲಕ್ಷ್ಮಿ ಹೊರಟೇಬಿಟ್ಟಳು.

ಗೊಬ್ಬರ ಹೊರುವ ಮಂಕರಿ ಬುಟ್ಟಿ ತರಲು ಉಳಿದವರೆಲ್ಲ ಆ ಕಡೆ ಹೋದಾಗ ಚಿಸಾಲೆ ಬಗ್ಗಿ ಮೂಸಿದಳು. ತಿಪ್ಪೆಯನ್ನು ನೋಡಿ, ಭೀಮರಾಜನ ಮುಖವನ್ನು ನೋಡಿ, ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದಳು: "ನಮ್ಮೂರಲ್ಲಿ ನಾವು ಮುಸುಕಿನ ಜೋಳದ ಕಣಜದಲ್ಲಿ ಬಚ್ಚಿಡ್ತೀವಿ."

ಭೀಮರಾಜ ಕಾಲಿನಿಂದ ತಿಪ್ಪೆಯ ಅಂಚಿಗೆ ಇನ್ನಷ್ಟು ಸಗಣಿ ಎಳೆದ.

"ನನಗಿರೋದು ಎರಡು ಆಡು," ಎಂದಳು ಅವಳು. "ಅದರ ಹಿಕ್ಕೆಗೆ ಎಷ್ಟು ಜೋಳ ಬೆಳೆದೀತು? ಅವರ ನೆಲ ಉಂಡು ಉಂಡು ಅಜೀರ್ಣ ಮಾಡ್ಕೊಂಡಿದೆ, ಪಥ್ಯ ಬೇಕು, ಸರಿ. ನಮ್ಮದು ಇನ್ನೂ ಉಂಡೇ ಇಲ್ಲ."

"ಅವರಿಗೆ ಹೇಳ್ಲಿಲ್ವಾ?"

"ಹೇಳಿದೆ. ಬರ್ಕೊಂಡ್ರು."

ಅಷ್ಟು ದೂರದಿಂದ ಬಂದವಳ ಸುಸ್ತು ಪಕ್ಕದ ಮನೆಯ ಸುಸ್ತಿನ ಹಾಗೇ ಇತ್ತು.

ಮಂಕರಿಗಳು ಬಂದವು. ಒಂದನ್ನು ಮುತ್ತಮ್ಮ, ಇನ್ನೊಂದನ್ನು ಚಿಸಾಲೆ ಹೊತ್ತರು. ಬೋರಯ್ಯ ಮೋರೆ ಗಂಟಿಕ್ಕಿಕೊಂಡೇ ಗೋರಿ ಗೋರಿ ತುಂಬಿದ. ಮೂರನೆಯ ಸುತ್ತಿನಲ್ಲಿ ಅವನ ಗುದ್ದಲಿಯ ತುದಿಗೆ ಬಿಳಿ ಪ್ಲಾಸ್ಟಿಕ್ ಚೀಲದ ಕಿವಿ ಸಿಕ್ಕಿಕೊಂಡಿತು. ಮೇಡಂ ಎರಡು ಮಾರು ದೂರದಲ್ಲಿ, ಫೋನು ಹಿಡಿದೇ ಇದ್ದರು. ಚಿಸಾಲೆ ಅತ್ತಿತ್ತ ನೋಡದೆ ಖಾಲಿ ಮಂಕರಿಯನ್ನು ಅದರ ಮೇಲೆ ಕವುಚಿ, ಕವುಚಿದ ಮಂಕರಿಯ ಮೇಲೆ ಕೂತು, ಬೆವರು ಒರೆಸಿಕೊಂಡಳು.

ಬೋರಯ್ಯನಿಗೆ ಗೊತ್ತಾಗಿಹೋಯಿತು. ಗುಂಪೇ ಹೊರಗೆ ಹೋದೀತೆಂದು ಬಾಯಿ ತೆರೆಯಲಿಲ್ಲ. ಮುತ್ತಮ್ಮ ಹೊಲದಲ್ಲಿ ಗೊಬ್ಬರ ಎರಚುತ್ತಿದ್ದಳು. ಅವಳದೇ ಯೂರಿಯಾ, ಬೋರಯ್ಯನ ಸಗಣಿಯ ಸಮೇತ, ಮೇಡಮ್ಮಿನ ಅಪ್ಪಣೆಯ ಮೇರೆಗೆ ಅವಳ ರಾಗಿಯ ಬುಡಕ್ಕೆ ಬಂದಿತ್ತು.

ಭೀಮರಾಜನ ಹಿಂದೆ ಒಂದು ಕೆಮ್ಮು ಕೇಳಿಸಿತು. "ಎಲ್ಲ ಸಾವಯವ, ಆಯ್ತಾ?"

ಅದು ಮಧುಕುಮಾರನೋ ಶಾಂತಾದೇವಿಯೋ ಎಂದು ತಿರುಗಿ ನೋಡುವಷ್ಟೂ ತ್ರಾಣ ಅವನಲ್ಲಿರಲಿಲ್ಲ. ಬದುವಿನ ಮೇಲೆ ಕುಸಿದು ಕೂತ. ನಗು ಹೊಟ್ಟೆಯಿಂದ ಎದ್ದು ಬಂತು. ಚಿಸಾಲೆ ನಕ್ಕಳು, ಮಧುಕುಮಾರ ನಕ್ಕ, ಯಾಕೆಂದು ತಿಳಿಯದ ಮೇಡಮ್ಮೂ ನಕ್ಕರು.

"ಯಾಕ್ಲಾ ಹಿಂಗ್ ನಗ್ತೀಯ, ಕೆಲ್ಸ ಐತೆ ಬಾ," ಎಂದಳು ಮುತ್ತಮ್ಮ.

ಅವನು ಏಳಲಿಲ್ಲ. ಎಲ್ಲರ ನಗು ನಿಂತ ಮೇಲೂ, ಆಚೆ ರಸ್ತೆಯವರೆಗೆ ಕೇಳುವ ಹಾಗೆ, ಒಬ್ಬನೇ ನಗುತ್ತಿದ್ದ.