ಗುರುತು ಬೀಳದ ಕೈ

“ಒತ್ತೇ! ಅನ್ನ ತಿಂತೀಯೋ ಇಲ್ವೋ? ಗಟ್ಟಿಯಾಗಿ ಒತ್ತು!”

ಒತ್ತಿದೆ. ಗಾಜಿನ ಕೆಳಗೆ ಕೆಂಪು ದೀಪ ಹತ್ತಿತು. ಕೌಂಟರಿನವನು ಪೆನ್ನಿನ ತುದಿಯಿಂದ ನನ್ನ ಬೆರಳನ್ನು ಪಕ್ಕಕ್ಕೆ ತಳ್ಳಿ, ಗಾಜನ್ನು ಬಟ್ಟೆಯಲ್ಲಿ ಒರೆಸಿದ. ನನಗಿಂತ ಮುಂಚೆ ಬೆರಳು ಕೊಟ್ಟು ಹೋದ ಯಾರಿಗೂ ಅವನು ಒರೆಸಿರಲಿಲ್ಲ.

“ಇನ್ನೊಂದ್ಸಲ.”

ಮತ್ತೆ ಕೆಂಪು. ಎಡಗೈ ಇಟ್ಟೆ. ಅದಕ್ಕೂ ಕೆಂಪು.

“ಏನೇ ಇದು, ಬೆರಳೋ ಮೇಣದ ಬತ್ತಿಯೋ? ಗುರುತು ಸಿಗಬಾರ್ದು ಅಂತ ಕಳ್ಳರು ಹಿಂಗೆ ಉಜ್ಕೊಂಡು ಬರ್ತಾರೆ. ಏನ್ ಮಾಡ್ಕೊಂಡು ಬಂದಿದ್ದೀಯ?”

“ಟೈಲ್ಸ್ ಕೆಲಸದವಳು ಸಾರ್. ಸಿಮೆಂಟಲ್ಲಿ ಕೈ ಆಡಿ ಆಡಿ...”

“ನಿನ್ನ ಪುರಾಣ ಯಾರ್ ಕೇಳಿದ್ರು? ಗುರುತು ಬೀಳ್ಲಿಲ್ಲ ಅಂದ್ರೆ ಪರ್ಮಿಟ್ ಇಲ್ಲ. ಹೊಸ ಡೇಟ್ ತಗೊಂಡ್ ಬಾ. ನೆಕ್ಸ್ಟ್!”

ಹಿಂದೆ ನಿಂತಿದ್ದವನು ಕಿಸಕ್ಕನೆ ನಕ್ಕ. ನನಗೆ ಹೆಸರಿತ್ತು, ಮುಖವಿತ್ತು, ಮುಖದ ಫೋಟೋವೂ ಇತ್ತು. ಆದರೂ ನಾನು ನಾನೇ ಎಂದು ಒಂದು ಗಾಜಿನ ತುಂಡು ಒಪ್ಪಲಿಲ್ಲ. ಆ ಗಾಜನ್ನು ಅಲ್ಲೇ ಗುದ್ದಿ ಒಡೆಯಬೇಕೆನಿಸಿತು. ಸೆರಗಿನಲ್ಲಿ ಕೈ ಸುತ್ತಿಕೊಂಡು ಹೊರಗೆ ಬಂದೆ.

ತಪ್ಪು ನಮ್ಮದೂ ಇತ್ತು. ಅಂಥ ತಪ್ಪನ್ನು ನಮ್ಮಂಥವರು ಮಾತ್ರ ಮಾಡಲು ಸಾಧ್ಯ. ‘ದೊಡ್ಡ ಆಫೀಸು, ಕೈ ಚೊಕ್ಕ ಮಾಡ್ಕೊಂಡು ಹೋಗು’ ಎಂದು ಹೊರದೇಶದ ಕೆಲಸಕ್ಕೆ ಕಳಿಸುವ ಏಜೆಂಟ್ ಹೇಳಿದ್ದ. ನನ್ನ ಉಗುರಿನ ಸಂದಿಯಲ್ಲಿ ಕೂತ ಸಿಮೆಂಟು ಸೋಪಿಗೆ ಬಗ್ಗುವುದಲ್ಲ. ಹೊಸ ನೆಲದ ಮೇಲಿನ ಸಿಮೆಂಟು ಕಲೆಯನ್ನು ಯಾವುದರಲ್ಲಿ ತೆಗೆಯುತ್ತೇವೋ ಅದೇ ಆಸಿಡ್ಡನ್ನು ಅತ್ತಿಗೆ ನೀರಿಗೆ ಬೆರೆಸಿ, ನನ್ನ ಎರಡೂ ಕೈಗಳನ್ನು ಅದರಲ್ಲಿ ಅದ್ದಿಸಿ, ತೆಂಗಿನ ನಾರಿನಿಂದ ಉಜ್ಜಿದಳು. ಕೈ ಉರಿದು ನಾನು ಕುಣಿಯುತ್ತಿದ್ದರೆ, “ಸುಮ್ನಿರೇ, ಮದುವಣಗಿತ್ತಿ ಕೈ ಹಾಗೆ ಆಯ್ತು ನೋಡು” ಎಂದು ಹಿಗ್ಗಿದ್ದಳು. ಬೆರಳ ತುದಿಯಲ್ಲಿ ಅಳಿದುಳಿದಿದ್ದ ಗೆರೆಗಳೂ ಆ ಬಕೆಟ್ಟಿನಲ್ಲಿ ಹೋದವು.

ಏಜೆಂಟ್ ಹೊರಗೆ ಕಾರಿಗೆ ಒರಗಿ ನಿಂತಿದ್ದ. ಅವನು ಬರುವ ಮೊದಲೇ ಅವನ ವಾಸನೆ ಬರುತ್ತಿದ್ದುದರಿಂದ ನಾವು ಅವನನ್ನು ಸೆಂಟು ಎಂದೇ ಕರೆಯುತ್ತಿದ್ದೆವು, ಬೆನ್ನ ಹಿಂದೆ ಮಾತ್ರ. ವಿಷಯ ಕೇಳಿದವನೇ ಹಣೆ ಹೊಡೆದುಕೊಂಡ.

“ಆಸಿಡ್ಡಾ? ತಲೆಯೊಳಗೂ ಸಿಮೆಂಟೇನೇ ನಿಮಗೆ? ಹೊಸ ಡೇಟಿಗೆ ಮತ್ತೆ ಫೀಸು. ಅಷ್ಟರಲ್ಲಿ ಮೆಡಿಕಲ್ ರಿಪೋರ್ಟ್ ಹಳೇದಾಗುತ್ತೆ, ಅದಕ್ಕೂ ಮತ್ತೆ ಕಟ್ಟಬೇಕು. ಗೆರೆ ಬರೋವರೆಗೂ ಕೈಗೆ ಕೆಲಸ ಕೊಡಬೇಡ. ಎಣ್ಣೆ ಹಚ್ಕೊಂಡು ರಾಣಿ ಥರ ಕೂತ್ಕೊ.”

“ಕೂತ್ಕೊಂಡ್ರೆ ಫೀಸು ಎಲ್ಲಿಂದ ತರಲಿ ಸಾರ್?”

“ಅದನ್ನ ನನ್ನ ಕೇಳ್ತೀಯ?”

ಇನ್ನು ಕೊಡಲು ನಮ್ಮಲ್ಲಿ ಏನೂ ಉಳಿದಿರಲಿಲ್ಲ. ಮೊದಲ ಕಂತಿಗೆ ಅತ್ತಿಗೆಯ ಓಲೆ ಹೋಗಿತ್ತು. ಎರಡನೆಯದಕ್ಕೆ ಬಾಡಿಗೆ ಮನೆ ಬಿಟ್ಟು, ಅದರ ಅಡ್ವಾನ್ಸ್ ಬಿಡಿಸಿಕೊಂಡು ಕೊಟ್ಟೆವು. ಅವತ್ತಿನಿಂದ ಕೆಲಸ ನಡೆಯುವ ಕಟ್ಟಡದಲ್ಲೇ, ಸಿಮೆಂಟು ಮೂಟೆಗಳ ಪಕ್ಕದಲ್ಲಿ ನಮ್ಮ ಹಾಸಿಗೆ. ಇಷ್ಟೆಲ್ಲ ಯಾಕೆಂದರೆ ಅಣ್ಣನ ಎದೆ. ಟೈಲ್ಸ್ ಕೊಯ್ದ ಧೂಳು ಅವನ ಎದೆಯೊಳಗೆ ಕೂತಿದೆ, ಇನ್ನು ಮೆಷಿನ್ ಮುಟ್ಟಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ನಾನು ಹೊರದೇಶಕ್ಕೆ ಹೋಗಿ ಯಾವುದೋ ಹೋಟೆಲಿನ ನೆಲ ಒರೆಸಿದರೆ ಅಣ್ಣ ಮೆಷಿನ್ ಕೆಳಗಿಡಬಹುದಿತ್ತು. ಕಟ್ಟಿಕೊಂಡವನು ಬಿಟ್ಟುಹೋದ ಮೇಲೆ ನನಗೆ ಅನ್ನ ಹಾಕಿದವನು ಅವನು.

ಆ ಸಂಜೆ ಸೆಂಟು ತಾನೇ ನಾವಿದ್ದಲ್ಲಿಗೆ ಬಂದ. ಅಣ್ಣ ಕೊಯ್ದು ಜೋಡಿಸಿದ್ದ ಟೈಲ್ಸನ್ನು ಬೂಟಿನ ತುದಿಯಿಂದ ತಟ್ಟಿ ನೋಡಿದ.

“ಪರವಾಗಿಲ್ವೋ, ಕೈ ಚೆನ್ನಾಗಿದೆ. ನೋಡು, ನಾನೂ ಮನುಷ್ಯನೇ. ನನ್ನ ಹೊಸ ಮನೆ ಏಳ್ತಾ ಇದೆ. ಮೂರೂ ಜನ ಬಂದು ಕೆಳಗಿನ ನೆಲ ಮಾಡ್ಕೊಡಿ. ಡೇಟಿನ ಫೀಸು, ಮೆಡಿಕಲ್ಲು ಎಲ್ಲ ನಾನೇ ಕಟ್ತೀನಿ.”

“ಇವಳು ಬೇಡ ಸಾರ್. ಇವಳ ಕೈಗೆ ಗೆರೆ ಬರಬೇಕಲ್ಲ?” ಎಂದ ಅಣ್ಣ.

“ಗ್ಲೌಸ್ ಹಾಕ್ಕೊಳ್ಳಲಿ. ಮೂರು ಜನ ಅಂದ್ರೆ ಮೂರು ಜನ.”

ಅವನು ಹೋದ ಮೇಲೆ ಅತ್ತಿಗೆ ಅತ್ತ ಕಡೆ ಉಗಿದಳು. “ಬೋಳಿಮಗ, ಕುರಿ ಕೈಲೇ ಮಸಾಲೆ ಅರೆಸ್ತಾನೆ.” ಅಣ್ಣನಿಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೂ ಅತ್ತಿಗೆ ಅವನ ಬೆನ್ನು ನೀವಿದಳು.

ಸೆಂಟಿನ ಮನೆಯಲ್ಲಿ ಅಣ್ಣ ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಟೈಲ್ಸ್ ಕೊಯ್ದ, ಕೂರಿಸಿದ. ಅತ್ತಿಗೆ ಬರಿಗೈಯಲ್ಲೇ ಸಿಮೆಂಟು ಕಲಸಿದಳು. ನನ್ನ ಪಾಲಿನದನ್ನೂ ಹೊತ್ತಳು. ನನಗೆ ಉಳಿದದ್ದು ಗ್ಲೌಸ್ ಹಾಕಿಕೊಂಡು ಟೈಲ್ಸ್ ನಡುವಿನ ಸಂದಿ ತುಂಬುವ ಕೆಲಸ. ಸಂದಿ ತುಂಬುವುದು ಬೆರಳ ತುದಿಯ ಕೆಲಸ. ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂಬುದು ಚರ್ಮಕ್ಕೆ ತಿಳಿಯಬೇಕು, ರಬ್ಬರಿಗೆ ತಿಳಿಯದು. ಆದಷ್ಟು ಮಾಡಿದೆ.

ಊಟದ ಹೊತ್ತಿಗೆ ಅತ್ತಿಗೆ ನನ್ನ ಕೈಗೆ ಎಣ್ಣೆ ಹಚ್ಚುತ್ತಿದ್ದಳು. ತನ್ನ ಕೈ ಬಿರಿದು ರಕ್ತ ಜಿನುಗುತ್ತಿದ್ದರೂ ಅದಕ್ಕೆ ಒಂದು ಹನಿ ಮುಟ್ಟಿಸುತ್ತಿರಲಿಲ್ಲ.

“ನಿನಗೂ ಹಚ್ಕೊ ಅತ್ತಿಗೆ.”

“ಕೈ ಕೆಸರಾದ್ರೆ ಬಾಯಿ ಮೊಸರು ಅಂತೆ. ನನ್ನ ಕೈ ಕೆಸರಾಗ್ಲಿ, ನೀನು ಹೋಗಿ ಮೊಸರು ಕಳಿಸು.”

ನಾಚಿಕೆಯಿಂದ ನಾನು ಕೈ ಹಿಂದಕ್ಕೆಳೆದುಕೊಂಡರೂ ಅವಳು ಬಿಡುತ್ತಿರಲಿಲ್ಲ. ದಿನ ಕಳೆದಂತೆ ಬೆರಳಿಗೆ ಗೆರೆ ಬರತೊಡಗಿತು. ಮೊದಲು ಹೆಬ್ಬೆರಳಿಗೆ, ಆಮೇಲೆ ಉಳಿದವಕ್ಕೆ, ಬಿತ್ತನೆಗೆ ಹೊಡೆದ ಸಣ್ಣ ಸಾಲುಗಳಂತೆ. ಅತ್ತಿಗೆ ನನ್ನ ಬೆರಳುಗಳನ್ನು ಬಿಸಿಲಿಗೆ ಹಿಡಿದು ಒಂದೊಂದನ್ನೇ ನೋಡಿ, ಹೆತ್ತವಳ ಹಾಗೆ ಖುಷಿಪಟ್ಟಳು.

ಡೇಟಿನ ಹಿಂದಿನ ದಿನ ಮಧ್ಯಾಹ್ನ ಸೆಂಟು ಹೆಂಡತಿಯನ್ನು ಕರೆದುಕೊಂಡು ನೆಲ ನೋಡಲು ಬಂದ. ಹೊರಬಾಗಿಲ ಮೆಟ್ಟಿಲಿಗೆ ಅಣ್ಣ ಆಗಷ್ಟೇ ಬಿಳಿ ಸಿಮೆಂಟು ಬಳಿದು ನಯ ಮಾಡಿದ್ದ. ಅದೇ ಕೊನೆಯ ಕೆಲಸ. ಅವರಿಬ್ಬರೂ ಹಿಂಬಾಗಿಲಿನಿಂದ ಒಳಗೆ ಹೋದರು.

ಹೆಂಡತಿ ಚಪ್ಪಲಿ ಬಿಟ್ಟು ನಡುಮನೆಯಲ್ಲಿ ಓಡಾಡಿದಳು. “ಥೂ, ಕಾಲಿಗೆ ಚುಚ್ಚುತ್ತೆ ರೀ. ಜಾಯಿಂಟೆಲ್ಲ ತರಿತರಿ ಆಗಿದೆ.”

ಸೆಂಟು ನನ್ನ ಕೈ ನೋಡಿದ.

“ಗ್ಲೌಸ್ ಬಿಚ್ಚೇ. ಎಲ್ಲಾ ಕೆರೆದು ಹಾಕಿ, ಬರಿಗೈಯಲ್ಲಿ ಮತ್ತೆ ಮಾಡು.”

“ನಾಳೆ ನನ್ನ ಡೇಟು ಸಾರ್.”

“ಡೇಟ್ ತಗೊಂಡಿದ್ದು ಯಾರು, ನಿಮ್ಮಪ್ಪನಾ? ಮುಂದಕ್ಕೆ ಹಾಕಿಸ್ತೀನಿ.”

“ಮತ್ತೆ ಫೀಸು?”

ಅವನು ಚಾವಣಿಯ ಕಡೆ ಬೆರಳು ತೋರಿಸಿದ. “ಮೇಲಿನ ಮಹಡಿ ಇದೆಯಲ್ಲ.”

ಅತ್ತಿಗೆಯ ಕೈಯಲ್ಲಿದ್ದ ಸಿಮೆಂಟಿನ ಬಾಂಡ್ಲಿ ಕೆಳಗೆ ಬಿತ್ತು. ಅಣ್ಣ ಬಾಯಿಯ ಬಟ್ಟೆ ಸರಿಸಿದ. ಬಟ್ಟೆಯಡಿ ಉಳಿದಷ್ಟು ಮುಖ ಮಾತ್ರ ಅವನದಾಗಿತ್ತು, ಮಿಕ್ಕದ್ದೆಲ್ಲ ಧೂಳು.

“ಮಾಡಮ್ಮ,” ಎಂದ ಅಣ್ಣ. “ನಿನ್ನ ಪಾಸ್‌ಪೋರ್ಟ್ ಅವರ ಬೀರುವಲ್ಲಿದೆ. ಮಾಡ್ಬಿಡು.”

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ‘ಮಾಡ್ಬಿಡು’ ಕೇಳಿ ನನ್ನ ಮೈಯೆಲ್ಲ ಉರಿಯಿತು. ಮೇಲಿನ ಮಹಡಿ ಮುಗಿದರೆ ಕಾಂಪೌಂಡು, ಕಾಂಪೌಂಡು ಮುಗಿದರೆ ಅವನ ಭಾವಮೈದುನನ ಮನೆ. ಅಷ್ಟರಲ್ಲಿ ಅಣ್ಣ ಇರುವುದಿಲ್ಲ.

ಗ್ಲೌಸ್ ಬಿಚ್ಚಿದೆ.

“ಹಾಗೆ ಬಾ ದಾರಿಗೆ,” ಎಂದ ಸೆಂಟು.

ನಾನು ಸಂದಿ ಕೆರೆಯುವ ಕಡೆ ಹೋಗಲಿಲ್ಲ. ನಡುಮನೆ ದಾಟಿ ಹೊರಬಾಗಿಲಿಗೆ ಬಂದು ಮಂಡಿಯೂರಿದೆ. ಹಸಿ ಮೆಟ್ಟಿಲು ಹಾಲಿನ ಕೆನೆಯಂತೆ ಹೊಳೆಯುತ್ತಿತ್ತು. ಹತ್ತೂ ಬೆರಳುಗಳನ್ನು ಅದರ ನಟ್ಟನಡುವೆ ಊರಿದೆ. ಆ ಕೌಂಟರಿನವನು ಹೇಳಿದ ಹಾಗೆಯೇ ಗಟ್ಟಿಯಾಗಿ ಒತ್ತಿ, ನೇರ ಮೇಲಕ್ಕೆತ್ತಿದೆ. ಗೆರೆ ಗೆರೆಯೂ ಬಿದ್ದಿತ್ತು.

“ಏಯ್! ಏನೇ ಮಾಡ್ದೆ ಲೌಡಿ!”

“ಬೆರಳು ಕೊಟ್ಟೆ ಸಾರ್. ಬಿತ್ತು ನೋಡಿ.”

ಅವನು ಓಡಿ ಬರುವಷ್ಟರಲ್ಲಿ ಅತ್ತಿಗೆ ಬಂದಳು. ಸೀರೆ ಎತ್ತಿ ಕಟ್ಟಿ ನನ್ನ ಪಕ್ಕದಲ್ಲೇ ಕುಕ್ಕರಿಸಿದಳು. “ನಂದೂ ಇರ್ಲಿ ಬಿಡೇ,” ಎಂದು ತನ್ನ ಹತ್ತು ಬೆರಳನ್ನೂ ನನ್ನ ಗುರುತಿನ ಪಕ್ಕಕ್ಕೆ ಒತ್ತಿ ತೆಗೆದಳು. ಹತ್ತು ಗುಳಿಗಳು ಬಿದ್ದವು. ಚಮಚದ ಬೆನ್ನಿನಿಂದ ಒತ್ತಿದ ಹಾಗೆ ನುಣ್ಣಗೆ ಇದ್ದವು, ಒಂದು ಗೆರೆಯೂ ಇರಲಿಲ್ಲ. ಅತ್ತಿಗೆ ನನ್ನದನ್ನು ನೋಡಿದಳು, ತನ್ನದನ್ನು ನೋಡಿದಳು. ಕೈ ಹೊರಳಿಸಿ ಬೆರಳ ತುದಿಗಳನ್ನು ಮತ್ತೆ ನೋಡಿಕೊಂಡಳು.

“ಒರೆಸೋ ಅದನ್ನ!” ಸೆಂಟು ಅಣ್ಣನ ಮೇಲೆ ಹಾರಿದ. “ಕರಣೆ ತಗೊಂಡು ಈಗಲೇ ಒರೆಸು! ಇಲ್ಲಾಂದ್ರೆ ಆ ಪಾಸ್‌ಪೋರ್ಟ್ ಸುಟ್ಟು ಹಾಕ್ತೀನಿ!”

ಕರಣೆ ಅಣ್ಣನ ಕೈಯಲ್ಲೇ ಇತ್ತು. ಅವನು ಬಂದು ಮೆಟ್ಟಿಲ ಮುಂದೆ ನಿಂತ. ಗೆರೆಯಿದ್ದ ಹತ್ತನ್ನೂ ಗೆರೆಯಿಲ್ಲದ ಹತ್ತನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಕರಣೆಯನ್ನು ನೀರಿನ ಬಕೆಟ್ಟಿಗೆ ಹಾಕಿ, ಮೆಟ್ಟಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತುಬಿಟ್ಟ.

ಸೆಂಟು ಕೂಗುತ್ತಲೇ ಇದ್ದ. ಬಿಸಿಲು ಚುರುಗುಟ್ಟುತ್ತಿತ್ತು. ಬಿಳಿ ಸಿಮೆಂಟು ಬೇಗ ಗಟ್ಟಿಯಾಗುತ್ತದೆ.