ಎಣಿಕೆಯ ಹೊತ್ತು

"ಆ ಮೇಡಂ ನಿನ್ನೊಬ್ಬನ್ನೇ ಯಾಕಪ್ಪ ಕರೀತಾರೆ?"

ಗೇಟಿನ ವಾಚ್‌ಮನ್ ನೀಲಪ್ಪ ಹೀಗೆ ಕೇಳಿದಾಗ ಭರಮಪ್ಪ ಊಟದ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ನಮ್ಮ ಊರ ಕಡಿಯಾಕಿರಿ," ಅಂದ. ಅವನಿಗೆ ಹೊಳೆದದ್ದು ಅಷ್ಟೇ. ಯಾಮಿನಿ ಮೇಡಂನ ಬೆಂಗಳೂರು ಕನ್ನಡವನ್ನು ಒಂದು ಸಲ ಕೇಳಿದವರು ಯಾರೂ ಆ ಸುಳ್ಳನ್ನು ನಂಬುವಂತಿರಲಿಲ್ಲ. ನೀಲಪ್ಪ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದ.

ಜೈಲಿನಿಂದ ಬಿಡುಗಡೆಯಾದವರು ಹೊರಗೆ ಹೇಗೆ ಬದುಕುತ್ತಾರೆ, ಅವರಿಗಾಗಿ ಏನೇನು ಸರಿಪಡಿಸಬೇಕು ಎಂಬುದು ಯಾಮಿನಿಯ ಸಂಶೋಧನೆ. ಪೀಣ್ಯದ ಈ ಪಂಪಿನ ಕಾರ್ಖಾನೆಯಲ್ಲಿ ಭರಮಪ್ಪನಿಗೆ ಕೆಲಸ ಕೊಡಿಸಿದವಳೂ ಅವಳೇ. ಅವನು ಜೈಲಿನಲ್ಲಿದ್ದು ಬಂದವನೆಂದು ಗೊತ್ತಿದ್ದದ್ದು ಮಾಲೀಕರಿಗೆ ಮಾತ್ರ. ಉಳಿದವರಿಗೆ ತಿಳಿದು ಗಲಾಟೆಯಾದರೆ ಇಟ್ಟುಕೊಳ್ಳುವುದಿಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಕೆಲಸ ಹೋದರೆ ಲಗ್ಗೆರೆಯ ರೂಮು ಹೋಗುತ್ತದೆ. ರೂಮು ಹೋದರೆ, ಈಗಷ್ಟೇ ಮತ್ತೆ ಜೊತೆಗಿರಲು ಒಪ್ಪಿ ಬಂದಿರುವ ಹೆಂಡತಿ ಹನುಮವ್ವ ತವರಿನ ಬಸ್ಸು ಹತ್ತುತ್ತಾಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಭರಮಪ್ಪ ಹೆಗಲು ಮುಟ್ಟಿಕೊಳ್ಳಬಾರದೆಂದು ಕೈ ಕಟ್ಟಿಕೊಂಡೇ ಓಡಾಡುತ್ತಿದ್ದ.

ಆಫೀಸಿನ ಪಕ್ಕದ ಬೆಂಚಿನಲ್ಲಿ ಯಾಮಿನಿ ಮೆಲ್ಲಗೆ ಕೇಳಿದಳು. "ಅಲ್ಲಿನ ಯಾವ ಅಭ್ಯಾಸ ಇನ್ನೂ ಬಿಟ್ಟಿಲ್ಲ, ಭರಮಪ್ಪ?"

"ಎಲ್ಲಾ ಬಿಟ್ಟೀನ್ರಿ. ನೀವು ಇಲ್ಲಿಗೆ ಬರಬ್ಯಾಡ್ರಿ ಮೇಡಂ, ಕೈ ಮುಗೀತೀನಿ. ಆ ವಾಚ್‌ಮನ್ ವಾಸನಿ ಹಿಡದಾನ."

"ಸಾರಿ, ನಂದೇ ತಪ್ಪು. ಇನ್ಮೇಲೆ ಹೊರಗೇ ಸಿಗ್ತೀನಿ."

ಅಷ್ಟರಲ್ಲಿ ಸೈರನ್ ಕೂಗಿತು. ಬೆಂಕಿ ಬಿದ್ದರೆ ಹೇಗೆ ಹೊರಗೆ ಓಡಬೇಕೆಂದು ಇವತ್ತು ಮಾಡಿಸಿ ನೋಡುತ್ತೇವೆ ಎಂದು ಸೂಪರ್‌ವೈಸರ್ ಗುರುರಾಜ್ ಬೆಳಿಗ್ಗೆಯೇ ಹೇಳಿದ್ದರು. ಭರಮಪ್ಪನೂ ಎಲ್ಲರ ಜೊತೆ ಅಂಗಳಕ್ಕೆ ಓಡಿದ.

"ಎಲ್ಲಾ ಲೈನಲ್ಲಿ ನಿಂತ್ಕೊಳ್ರೋ, ಕೌಂಟ್ ತಗೋಬೇಕು!"

ಎಣಿಸುತ್ತಾರೆ ಎಂಬುದೊಂದೇ ಅವನ ತಲೆಗೆ ಹೋದದ್ದು. ಕಣ್ಣುಮುಚ್ಚಿ ತೆರೆಯುವುದರೊಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಅಂಗೈ ಮೊಣಕಾಲ ಮೇಲೆ, ತಲೆ ಕೆಳಗೆ, ಪಕ್ಕದಲ್ಲಿ ಜೋಡಿಯವನಿಗೆ ಒಂದಾಳಿನ ಜಾಗ. ಜೈಲಿನಲ್ಲಿ ಬೆಳಿಗ್ಗೆ ಸಂಜೆ ಇಬ್ಬಿಬ್ಬರನ್ನು ಹೀಗೇ ಕೂರಿಸಿ ಎಣಿಸುತ್ತಿದ್ದರು.

ಸುತ್ತಲೂ ಬೂಟುಗಳಷ್ಟೇ ಕಂಡವು. ಆಮೇಲೆ ನಗು ಕೇಳಿಸಿತು.

"ಯಾಕ್ ಗುರು, ಇಲ್ಲೇ ಕೂತ್ಬಿಟ್ಟೆ?" ಅಂದ ಪ್ಯಾಕಿಂಗ್‌ನ ಮುತ್ತು.

"ಸ್ಟೇಷನ್ನಲ್ಲಿ ಕೂರ್ಸಿದಂಗಿದೆ ನೋಡು ಮಗಾ," ಇನ್ನೊಬ್ಬ.

ಈಗ ಎದ್ದರೆ ಎಲ್ಲರ ಕಣ್ಣೂ ಮುಖದ ಮೇಲೇ ಬೀಳುತ್ತದೆಂದು ಭರಮಪ್ಪ ಹಾಗೇ ಕೂತ. ಎಲ್ಲ ಮುಗಿಯಿತು, ಹನುಮವ್ವನಿಗೆ ಏನು ಹೇಳಲಿ? ಗುರುರಾಜ್ ಬರುವ ಮೊದಲೇ ಗೇಟಿನ ಕಡೆಯಿಂದ ಹಿಮ್ಮಡಿ ಸವೆದ ಬೂಟುಗಳೆರಡು ಬಂದು ಪಕ್ಕದಲ್ಲಿ ನಿಂತವು. ನೀಲಪ್ಪನವು. ಭರಮಪ್ಪ ಕಣ್ಣು ಮುಚ್ಚಿಕೊಂಡ.

"ಏನ್ರಪ್ಪಾ, ಅಂಗೆ ಹಲ್ ಕಿರೀತೀರಾ? ಈ ಬಿಸ್ಲಲ್ಲಿ ನಿಂತ್ಕಳಕ್ಕೆ ನಮ್ ವಯಸ್ಸಿನವ್ರಿಗೆ ಆಯ್ತದಾ? ಸಾರ್, ನಾನೂ ಕುಂತ್ಕತೀನಿ, ಎಣಿಸ್ಕಳಿ."

ನಗು ಅಲ್ಲಲ್ಲೇ ಅಡಗಿತು. ಗುರುರಾಜ್ ಗೊಣಗಿಕೊಂಡು ಎಣಿಸತೊಡಗಿದರು.

ತಲೆ ಎತ್ತುವ ಧೈರ್ಯ ಸಾಲದೆ ಭರಮಪ್ಪ ಓರೆಗಣ್ಣಿನಲ್ಲಿ ನೋಡಿದ. ಅವನು ಬಿಟ್ಟಿದ್ದ ಜಾಗದಲ್ಲಿ ನೀಲಪ್ಪ ಕುಕ್ಕರಗಾಲಲ್ಲಿ ಕೂತಿದ್ದ, ಅಂಗೈ ಮೊಣಕಾಲ ಮೇಲೆ. ಎಣಿಸುವ ದನಿ ಹತ್ತಿರವಾದಂತೆ ಅವನ ತಲೆಯೂ ತಾನಾಗಿ ತಗ್ಗಿತು. ಎಣಿಕೆ ಇಬ್ಬರನ್ನೂ ದಾಟಿ ಹೋದರೂ ನೀಲಪ್ಪ, ಏಳು ಅನ್ನುವ ಅಪ್ಪಣೆಗೆ ಕಾಯುವವನಂತೆ, ಹಾಗೇ ಕೂತಿದ್ದ.