ಮುಳುಗದ ಹೆಬ್ಬೆರಳು

ತಮ್ಮನ ಉಸಿರು ನಿಂತು ಇನ್ನೂ ಮೂರು ಗಂಟೆ ಕಳೆದಿರಲಿಲ್ಲ, ಸೂಜಕ್ಕ ತಾಯಿಯನ್ನು ಕರೆದುಕೊಂಡು ಪಾಸ್ಟರ ಕೋಣೆಗೆ ಬಂದು ಕೂತಿದ್ದಳು. ಬಂದದ್ದು ಒಂದೇ ಒಂದು ಮಾತಿಗೆ. ನಾಳೆ ಅವನನ್ನು ಮಣ್ಣು ಮಾಡುವಾಗ ಪಾಸ್ಟರು ತಲೆಯ ಹತ್ತಿರ ನಿಂತು, ಸಭೆಯವರು ಯಾರೇ ಸತ್ತರೂ ಹೇಳುವ ಹಾಗೆ, ಇವನು ರಕ್ಷಣೆ ಹೊಂದಿದವನು, ಇವನನ್ನು ನಾವು ಮತ್ತೆ ನೋಡುತ್ತೇವೆ ಎನ್ನಬೇಕು. ಎಪ್ಪತ್ತೆರಡು ವರ್ಷದ ಮುದುಕಿ ಬೇರೇನೂ ಕೇಳಿರಲಿಲ್ಲ. ಹೂವು ಬೇಡ, ಹಾಡು ಬೇಡ, ಆ ಮಾತೊಂದು ಸಾಕು ಎಂದಿದ್ದಳು.

ಪಾಸ್ಟರು ಒಳ್ಳೆಯವರೇ. ಸುದ್ದಿ ಕೇಳಿ ಅವರ ಕಣ್ಣೂ ಒದ್ದೆಯಾಗಿತ್ತು. ಮೇಜಿನ ಮೇಲಿದ್ದ ಕಾಗದಗಳನ್ನು ಬದಿಗೆ ಸರಿಸಿ, ಮುದುಕಿಯ ಕೈ ಹಿಡಿದು ಪ್ರಾರ್ಥನೆಯನ್ನೂ ಮಾಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ಬರುತ್ತೇನೆ, ಕುಟುಂಬಕ್ಕಾಗಿ ಪ್ರಾರ್ಥಿಸುತ್ತೇನೆ, ಆದರೆ ಆ ಮಾತನ್ನು ಮಾತ್ರ ಹೇಳಲಿಕ್ಕೆ ಆಗುವುದಿಲ್ಲ ಎಂದರು. ಅವನ ದೀಕ್ಷಾಸ್ನಾನ ಪೂರ್ತಿಯಾಗಿರಲಿಲ್ಲವಂತೆ.

ಪೂರ್ತಿಯಾಗದೆ ಉಳಿದದ್ದು ಎಷ್ಟು? ಒಂದು ಹೆಬ್ಬೆರಳು. ಎಡಗಾಲಿನದು.

ಸೂಜಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಆ ಉರಿಯನ್ನು ಎದುರಿಗೆ ಕೂತ ಮನುಷ್ಯನ ಮೇಲೆ ಕಾರುವಂತಿರಲಿಲ್ಲ. ಆ ಹೆಬ್ಬೆರಳನ್ನು ನೋಡಿದವಳೂ ಅವಳೇ, ನೋಡಿದೆ ಎಂದು ಹೇಳಿದವಳೂ ಅವಳೇ. ಹೇಳಿದವಳು ಮಗಳೇ ಎಂಬುದು ತಾಯಿಗೆ ಗೊತ್ತಿರಲಿಲ್ಲ.

ಅವಳಿಗೆ ಸೂಜಕ್ಕ ಎಂಬ ಹೆಸರು ಬಂದದ್ದು ಕಸುಬಿನಿಂದಲೋ ನಾಲಿಗೆಯಿಂದಲೋ ಯಾರೂ ಖಚಿತವಾಗಿ ಹೇಳಲಾರರು. ಬಸ್ ನಿಲ್ದಾಣದ ಎದುರು ಅವಳ ಹೊಲಿಗೆ ಅಂಗಡಿ. ಶಾಲೆಯ ಸಮವಸ್ತ್ರ, ಆಸ್ಪತ್ರೆಯ ಪರದೆ, ಯಾರದೋ ಪ್ಯಾಂಟಿನ ಕಿತ್ತುಹೋದ ಜಿಪ್ಪು, ಎಲ್ಲವೂ ಅವಳ ಕೈಗೇ ಬರಬೇಕು. ಸಭೆಯ ದೀಕ್ಷಾಸ್ನಾನದ ಬಿಳಿ ನಿಲುವಂಗಿಗಳನ್ನು ಹೊಲಿಯುವವಳೂ ಅವಳೇ. ನೀರಿಗಿಳಿದರೆ ನಿಲುವಂಗಿ ಗಾಳಿ ತುಂಬಿಕೊಂಡು ಉಬ್ಬಿ ಮೇಲೇಳುತ್ತದೆ, ಒಳಗಿದ್ದವರ ಮಾನ ಹೋಗುತ್ತದೆ. ಅದಕ್ಕೆಂದು ಅವಳು ಕೆಳಗಿನ ಅಂಚನ್ನು ಮಡಿಚಿ, ಒಳಗೆ ಸೀಸದ ಗುಂಡುಗಳನ್ನಿಟ್ಟು ಹೊಲಿಯುತ್ತಿದ್ದಳು. ಮೀನು ಹಿಡಿಯುವವರು ಗಾಳದ ದಾರಕ್ಕೆ ಕಟ್ಟುತ್ತಾರಲ್ಲ, ಅಂಥವು.

ಇಂಥ ಕಣ್ಣಿನವಳು ಇರುವಾಗ ಬೇರೆ ಸಾಕ್ಷಿ ಏಕೆ ಎಂದು ಒಂಬತ್ತು ವರ್ಷದ ಹಿಂದೆ ಅವಳನ್ನೇ ದೀಕ್ಷಾಸ್ನಾನದ ತೊಟ್ಟಿಯ ಅಂಚಿನಲ್ಲಿ ನಿಲ್ಲಿಸಿದರು. ಆ ಸಭೆಯ ನಂಬಿಕೆ ಹಾಗೆ. ಮನಸ್ಸಿನಲ್ಲಿ ನಂಬಿದರಷ್ಟೇ ಸಾಲದು, ನೀರಿನಲ್ಲಿ ಹೂಣಿಸಿಕೊಂಡು ಏಳಬೇಕು. ಹೂಣುವುದೆಂದರೆ ಪೂರ್ತಿ ಹೂಣುವುದು. ಹೆಣದ ಕೈಯನ್ನು ಹೊರಗೆ ಬಿಟ್ಟು ಯಾರೂ ಮಣ್ಣು ಮುಚ್ಚುವುದಿಲ್ಲವಲ್ಲ ಎಂದು ಪಾಸ್ಟರು ಪ್ರತಿಸಲ ಹೇಳುತ್ತಿದ್ದರು. ತೊಟ್ಟಿಯ ಆ ಕಡೆ ಒಬ್ಬ ನಿವೃತ್ತ ಗುಮಾಸ್ತ, ಈ ಕಡೆ ಸೂಜಕ್ಕ. ಮನುಷ್ಯ ಉದ್ದಕ್ಕೆ ಮುಳುಗಿ ಎದ್ದಮೇಲೆ ಇಬ್ಬರೂ ಪಾಸ್ಟರ ಕಡೆ ನೋಡಿ ತಲೆಯಾಡಿಸಬೇಕು. ಗುಮಾಸ್ತನಿಗೆ ಎದುರಿಗೆ ಆನೆ ಹೋದರೂ ಕಾಣುತ್ತಿರಲಿಲ್ಲ, ಅವನು ಸೂಜಕ್ಕ ತಲೆಯಾಡಿಸಿದ್ದನ್ನು ನೋಡಿಕೊಂಡು ತಾನೂ ಆಡಿಸುತ್ತಿದ್ದ. ಹಾಗಾಗಿ ಒಂಬತ್ತು ವರ್ಷ ಆ ತೊಟ್ಟಿಯಲ್ಲಿ ಮುಳುಗಿದವರಿಗೆಲ್ಲ ಒಬ್ಬಳದೇ ಸಾಕ್ಷಿ.

ತಮ್ಮ ಗೋಡೆಗೆ ಬಣ್ಣ ಹೊಡೆಯುವವನು. ಹತ್ತು ವರ್ಷದ ಹಿಂದೆ ಏಣಿಯಿಂದ ಬಿದ್ದು ಎಡಮೊಣಕಾಲು ಮಡಚಲಾಗದಂತೆ ಸೆಟೆದುಕೊಂಡಿತ್ತು. ಮದುವೆಯಿಲ್ಲ, ಮಕ್ಕಳಿಲ್ಲ, ಸಂಜೆಯಾದರೆ ಕುಡಿತ. ತಾಯಿ ಅವನಿಗಾಗಿ ಮೊಣಕಾಲೂರಿ ಅತ್ತದ್ದು ಅಷ್ಟಿಷ್ಟಲ್ಲ. ಅಂಥವನು ಹೋದ ವರ್ಷ ಒಂದು ದಿನ ತಾನಾಗಿಯೇ ಬಂದು ಕೊನೆಯ ಬೆಂಚಿನಲ್ಲಿ ಕೂತ. ಬಾಟಲಿ ಬಿಟ್ಟ. ಸಭೆಯ ಹಿಂದಿನ ಗೋಡೆ ಪಾಚಿ ಹಿಡಿದಿದ್ದನ್ನು ಯಾರೂ ಹೇಳದೆಯೇ ಕೆರೆದು ಬಣ್ಣ ಹೊಡೆದುಕೊಟ್ಟ. ಕಡೆಗೆ ನೀರಿಗಿಳಿಯುತ್ತೇನೆ ಎಂದಾಗ ಮುದುಕಿ ಅವತ್ತು ಊಟವನ್ನೇ ಮರೆತಳು.

ಅವನ ನಿಲುವಂಗಿಗೆ ಸೂಜಕ್ಕ ಎರಡು ಪಟ್ಟು ಗುಂಡುಗಳನ್ನು ಹಾಕಿದ್ದಳು. ಆದರೂ ಪಾಸ್ಟರು ಅವನನ್ನು ಹಿಂದಕ್ಕೆ ಒರಗಿಸಿದಾಗ, ಮಡಚಲಾಗದ ಆ ಕಾಲು ಸನ್ನೆಗೋಲಿನ ಹಾಗೆ ಮೇಲೆದ್ದಿತು. ಹೆಬ್ಬೆರಳು ನೀರಿನಿಂದ ಹೊರಗೆ ಬಂತು, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಕಣ್ಣು ಮಿಟುಕಿಸುವಷ್ಟು ಹೊತ್ತು. ಸಭೆಯವರು ಹಾಡುತ್ತಿದ್ದರು, ತಾಯಿ ಮುಂದಿನ ಬೆಂಚಿನಲ್ಲಿ ಕಣ್ಣುಮುಚ್ಚಿ ಅಳುತ್ತಿದ್ದಳು, ಗುಮಾಸ್ತ ಸೂಜಕ್ಕನ ತಲೆಯನ್ನೇ ನೋಡುತ್ತಿದ್ದ. ಅವಳ ತಲೆ ಆಡಲಿಲ್ಲ. ಒಡಹುಟ್ಟಿದವನು ಅಂತ ಕಣ್ಣು ಮುಚ್ಚಿಕೊಂಡಳು ಎಂದು ನಾಳೆ ಯಾರಾದರೂ ಆಡಿಕೊಂಡರೆ? ಆಮೇಲೆ ಪಕ್ಕದ ಕೋಣೆಯಲ್ಲಿ ಪಾಸ್ಟರು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

ಒಂದೇ ದಿನ ಎರಡು ಸಲ ಮುಳುಗಿಸುವುದು ಆಟವಾಗುತ್ತದೆ, ಮುಂದಿನ ತಿಂಗಳು ತೊಟ್ಟಿ ತುಂಬಿಸಿದಾಗ ಮಾಡೋಣ ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಭಾನುವಾರದ ಪ್ರಭುಭೋಜನದಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ಅವನು ಮುಟ್ಟುವಂತಿಲ್ಲ. ಅವನು ನಕ್ಕ. ಇರಲಿ ಬಿಡಕ್ಕ, ಆ ಕಾಲು ಯಾವತ್ತು ಹೇಳಿದ ಮಾತು ಕೇಳಿದೆ ಎಂದ. ಹತ್ತೊಂಬತ್ತನೆಯ ದಿನ, ಅಂದರೆ ಇವತ್ತು ಬೆಳಿಗ್ಗೆ, ಯಾರದೋ ಹೊಸ ಮನೆಯ ಮಲಗುವ ಕೋಣೆಗೆ ಎರಡನೆಯ ಕೋಟು ಹೊಡೆದು, ಬಕೆಟ್ಟು ಬೋರಲು ಹಾಕಿಕೊಂಡು ಚಹಾ ಕುಡಿಯಲು ಕೂತವನು ಏಳಲಿಲ್ಲ.

"ಒಂದು ತಿಂಗಳು ಕಾದ್ರೆ ಆಗ್ತಿತ್ತು," ಎಂದು ಪಾಸ್ಟರು ನಿಟ್ಟುಸಿರುಬಿಟ್ಟರು, ಸತ್ತವನೇ ಏನೋ ಅವಸರ ಮಾಡಿದ ಹಾಗೆ.

ಸೂಜಕ್ಕ ಹಲ್ಲು ಕಚ್ಚಿಕೊಂಡೇ ವಾದಕ್ಕಿಳಿದಳು. ಶಿಲುಬೆಯ ಮೇಲೆ ಪ್ರಭುವಿನ ಪಕ್ಕದಲ್ಲೇ ನೇತಾಡುತ್ತಿದ್ದ ಕಳ್ಳನಿಗೆ ಯಾವ ತೊಟ್ಟಿಯಿತ್ತು, ಯಾವ ಸಾಕ್ಷಿಯಿತ್ತು, ಅವನಿಗೆ ಅವತ್ತೇ ಸ್ವರ್ಗದ ಬಾಗಿಲು ತೆರೆಯಲಿಲ್ಲವೇ ಎಂದು ಕೇಳಿದಳು. ಪಾಸ್ಟರಿಗೆ ಈ ಪ್ರಶ್ನೆ ಹೊಸದಲ್ಲ. ಅವನು ದೀಕ್ಷಾಸ್ನಾನದ ಅಪ್ಪಣೆ ಬರುವ ಮುಂಚೆ ಸತ್ತವನು, ನಾವು ಆಮೇಲಿನವರು, ಅಪ್ಪಣೆ ಗೊತ್ತಿದ್ದವರು ಎಂದರು. ಹಾಗಾದರೆ ತಡವಾಗಿ ಹುಟ್ಟಿದ್ದೇ ನಮ್ಮ ತಪ್ಪೋ ಎಂದಳು. ನೀರು ನಮ್ಮನ್ನು ರಕ್ಷಿಸುವುದಿಲ್ಲ, ವಿಧೇಯತೆ ರಕ್ಷಿಸುತ್ತದೆ ಎಂದರು ಪಾಸ್ಟರು. ಅವನು ವಿಧೇಯನಾಗಿ ಇಳಿಯಲಿಲ್ಲವೇ, ಇಳಿದದ್ದನ್ನು ಇಡೀ ಸಭೆ ನೋಡಲಿಲ್ಲವೇ ಎಂದಳು. ಪಾಸ್ಟರು ಕೂದಲು ಸೀಳುವುದರಲ್ಲಿ ಅವಳಿಗಿಂತ ಪಳಗಿದವರು, ಆದರೆ ಅವರಿಗೂ ಸಾಕಾಯಿತು.

"ನಾನು ಮಾಡಿದ ಕಾನೂನಲ್ಲಮ್ಮ ಇದು. ಅಷ್ಟಕ್ಕೂ ಬೆರಳು ಹೊರಗಿತ್ತು ಅಂತ ನಾನು ನೋಡಿಲ್ಲ. ನೀನೇ ತಾನೆ ಹೇಳಿದ್ದು?"

ತಾಯಿ ಅಲ್ಲಿಯವರೆಗೆ ನೆಲ ನೋಡುತ್ತ ಕೂತಿದ್ದವಳು ತಲೆಯೆತ್ತಿ ಮಗಳ ಮುಖ ನೋಡಿದಳು. ಬೈಯಲಿಲ್ಲ. ಸೂಜಕ್ಕನಿಗೆ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಪಾಸ್ಟರು ಮುದುಕಿಯ ಮುಖ ನೋಡಿ ಕರಗಿದರು. ಕಪಾಟಿನಿಂದ ಸಭೆಯ ರಿಜಿಸ್ಟರ್ ತೆಗೆದು ಮೇಜಿನ ಮೇಲಿಟ್ಟು, ದನಿ ತಗ್ಗಿಸಿದರು. ಮನುಷ್ಯರ ಕಣ್ಣು ಮೋಸ ಹೋಗುವುದುಂಟು, ನೀರಿನ ಮೇಲೆ ಬೆಳಕು ಬಿದ್ದರೆ ಏನೇನೋ ಕಾಣುವುದುಂಟು ಎಂದು ಶುರುಮಾಡಿ ಕಡೆಗೆ ವಿಷಯಕ್ಕೆ ಬಂದರು.

"ನಾನು ಸರಿಯಾಗಿ ನೋಡಲಿಲ್ಲ ಅಂತ ಒಂದು ಮಾತು ಹೇಳಿಬಿಡು. ಈಗಲೇ ಅವನ ಹೆಸರು ಬರೀತೀನಿ. ನಾಳೆ ಅಮ್ಮನಿಗೆ ಬೇಕಾದ ಮಾತನ್ನೂ ಹೇಳ್ತೀನಿ."

ಕರುಣೆಯಿಂದಲೇ ಹೇಳಿದ್ದು. ಅದಕ್ಕೇ ಸೂಜಕ್ಕನ ಸಿಟ್ಟು ನೆತ್ತಿಗೇರಿತು. ಅವಳು ನಿಜ ಹೇಳಿದಳು ಅಂತ ತಮ್ಮ ನರಕಕ್ಕೆ ಹೋಗಬೇಕು, ಸುಳ್ಳು ಹೇಳಿದರೆ ಸ್ವರ್ಗಕ್ಕೆ ಬರಬೇಕು. ಮೂವತ್ತೆಂಟು ವರ್ಷ ಬದುಕಿದ ಮನುಷ್ಯ, ಕುಡಿತ ಬಿಟ್ಟ ಮನುಷ್ಯ, ಅವನು ಅತ್ತದ್ದು ಪ್ರಾರ್ಥಿಸಿದ್ದು ಯಾವುದೂ ಲೆಕ್ಕಕ್ಕಿಲ್ಲ, ಒಬ್ಬ ದರ್ಜಿ ಹೆಂಗಸಿನ ಬಾಯಿಂದ ಏನು ಬೀಳುತ್ತದೆ ಎಂದು ದೇವರು ಮೇಲೆ ಬಾಗಿಲಲ್ಲಿ ಕಾದು ನಿಂತಿದ್ದಾನೆ! ಎದ್ದು ಆ ರಿಜಿಸ್ಟರನ್ನು ಕಿಟಕಿಯಿಂದಾಚೆ ಎಸೆಯಬೇಕೆನ್ನಿಸಿತು ಅವಳಿಗೆ.

ಅಷ್ಟರಲ್ಲಿ ಪಾಸ್ಟರಮ್ಮ ಮೂರು ಲೋಟ ಚಹಾ ಹಿಡಿದು ಒಳಗೆ ಬಂದಳು. ಪಾಸ್ಟರ ಹೆಂಡತಿ, ಇನ್ನೂ ಮೂವತ್ತು ದಾಟದವಳು, ಮೆತ್ತನೆಯ ಮಾತಿನವಳು. ಲೋಟಗಳನ್ನು ಇಟ್ಟು ಮುದುಕಿಯ ಪಕ್ಕದಲ್ಲಿ ಕೂತು ಬೆನ್ನು ಸವರತೊಡಗಿದಳು. ಅವಳನ್ನು ನೋಡಿದ್ದೇ ಸೂಜಕ್ಕನಿಗೆ, ಆರು ವರ್ಷದಿಂದ ಒಮ್ಮೆಯೂ ಯೋಚಿಸದಿದ್ದ ವಿಷಯ ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಬಾರದಿತ್ತು. ಆ ಹುಡುಗಿ ಅವಳಿಗೇನೂ ಕೆಡುಕು ಮಾಡಿರಲಿಲ್ಲ. ಆದರೆ ಸಿಟ್ಟಿಗೆ ಅದೆಲ್ಲ ಎಲ್ಲಿ ತಿಳಿಯುತ್ತದೆ?

"ನಾನು ಸರಿಯಾಗೇ ನೋಡಿದೆ ಪಾಸ್ಟರ್. ಅವನ ಬೆರಳು ಹೊರಗಿತ್ತು. ನಾನು ಸರಿಯಾಗಿ ನೋಡದೇ ಇದ್ದದ್ದು ಮಿಕ್ಕವರನ್ನ."

ಪಾಸ್ಟರು ಅರ್ಥವಾಗದೆ ನೋಡಿದರು. ಸೂಜಕ್ಕ ತಡೆಯದೆ ಹೇಳಿದಳು. ಒಂಬತ್ತು ವರ್ಷ ಅವಳು ತೊಟ್ಟಿಯ ಅಂಚಿನಲ್ಲಿ ನಿಂತು ನೋಡಿದ್ದು ತನ್ನ ಹೊಲಿಗೆಯನ್ನು. ಅಂಚು ಉಬ್ಬಿತೋ, ಗುಂಡು ಉದುರಿತೋ, ದಾರ ಬಿಟ್ಟಿತೋ, ಅದು. ಕೈ ಮುಳುಗಿತೋ ಹಿಮ್ಮಡಿ ಮುಳುಗಿತೋ ಅವಳಿಗೇನು ಗೊತ್ತು? ನಿಲುವಂಗಿ ಮಾನ ಉಳಿಸಿದರೆ ತಲೆಯಾಡಿಸಿಬಿಡುತ್ತಿದ್ದಳು. ಎದೆ ನಡುಗುತ್ತಿದ್ದ ಕಾರಣಕ್ಕೆ, ತನ್ನ ರಕ್ತವೆಂಬ ಕಾರಣಕ್ಕೆ, ತಲೆಯಿಂದ ಕಾಲಿನವರೆಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಒಬ್ಬನನ್ನೇ.

"ಒಂದು ಮಾತ್ರ ಗೊತ್ತಿದ್ದೂ ಬಿಟ್ಟೆ," ಎಂದಳು. "ನಿಮ್ಮ ಮದುವೆಗೆ ಮುಂಚೆ ಪಾಸ್ಟರಮ್ಮನ್ನ ಮುಳುಗಿಸಿದ್ರಲ್ಲ. ಅವರ ಜಡೆ ತೊಟ್ಟಿ ಅಂಚಿಗೆ ಸಿಕ್ಕಿಕೊಂಡು ನನ್ನ ಕಾಲ ಹತ್ತಿರಾನೇ ಬಿದ್ದಿತ್ತು. ಒಂದು ಗೇಣು. ಒಂದು ಹನಿ ನೀರು ಸೋಕಿರಲಿಲ್ಲ. ಮದುವೆ ಹುಡುಗಿ, ಚಳಿಗೆ ನಡುಗ್ತಾ ಇದ್ದಾಳೆ, ಪಾಪ ಅನ್ನಿಸ್ತು. ಪೂರ್ತಿ ಅಂತ ತಲೆ ಆಡಿಸಿದೆ."

ಪಾಸ್ಟರಮ್ಮನ ಕೈ ಮುದುಕಿಯ ಬೆನ್ನ ಮೇಲೆಯೇ ನಿಂತುಹೋಯಿತು. ಅವಳು ಬೇರೊಂದು ಸಭೆಯಲ್ಲಿ ಬೆಳೆದವಳು. ಮಗುವಾಗಿದ್ದಾಗ ಹಣೆಗೆ ಚಿಮುಕಿಸಿದ ನೀರು ಲೆಕ್ಕಕ್ಕೆ ಬಾರದು ಎಂದು ಇಲ್ಲಿಯವರು ಹೇಳಿದ್ದಕ್ಕೇ ಮತ್ತೆ ಇಳಿದಿದ್ದಳು. ಅವಳ ಮುಖ ಬಿಳಿಚಿಕೊಂಡದ್ದನ್ನು ನೋಡಿ ಸೂಜಕ್ಕನಿಗೆ ಅಯ್ಯೋ ಅನ್ನಿಸಿತು, ಆದರೆ ಬಾಯಿಂದ ಬಿದ್ದದ್ದನ್ನು ಆಯ್ದುಕೊಳ್ಳಲಾಗುತ್ತದೆಯೇ.

"ಹಾಗಾದ್ರೆ ನಂದು?" ಎಂದು ಪಾಸ್ಟರಮ್ಮ ಗಂಡನನ್ನು ಕೇಳಿದಳು.

"ನಿನ್ನ ವಿಷಯ ಬೇರೆ," ಎಂದರು ಪಾಸ್ಟರು. "ನಿನ್ನ ಮನಸ್ಸು ದೇವರಿಗೆ ಗೊತ್ತು."

ಯೋಚಿಸಲೂ ಇಲ್ಲ, ಯಾವ ಪುಟವನ್ನೂ ತಿರುವಲಿಲ್ಲ. ಹೆಂಡತಿಯ ಮುಖ ಬಾಡಿದ್ದನ್ನು ತಡೆಯಲಾರದೆ ಪ್ರೀತಿಯಿಂದ ಹೇಳಿಬಿಟ್ಟರು. ಹೇಳಿದಮೇಲೆ ತಾವು ಹೇಳಿದ್ದೇನೆಂದು ಅವರ ಕಿವಿಗೇ ಕೇಳಿಸಿತು. ಕನ್ನಡಕ ಹಾಕಿಕೊಂಡರು, ತೆಗೆದರು.

ಮುದುಕಿ ಚಹಾದ ಲೋಟವನ್ನು ಮೇಜಿನ ಮೇಲೆ ದೂರಕ್ಕೆ ಸರಿಸಿದಳು.

"ನನ್ನ ಮಗನ ಮನಸ್ಸು ಗೊತ್ತಿಲ್ವಾ ದೇವರಿಗೆ?"

ಪಾಸ್ಟರು ರಿಜಿಸ್ಟರ್ ಬಿಡಿಸಿ, ಹೋದ ತಿಂಗಳ ಪುಟ ಹುಡುಕಿ, ಪೆನ್ನಿನ ಮುಚ್ಚಳ ತೆಗೆದರು. ಸೂಜಕ್ಕ ಗೆದ್ದೆ ಅಂದುಕೊಳ್ಳಬೇಕಾಗಿತ್ತು, ಆದರೆ ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ. ಈ ಪೆನ್ನು ಹತ್ತೊಂಬತ್ತು ದಿನದ ಹಿಂದೆ ಎಲ್ಲಿತ್ತು? ಈ ಕರುಣೆ ಎಲ್ಲಿತ್ತು? ಅವಳ ತಲೆ ತಾನೆ ಎಲ್ಲಿತ್ತು? ಯಾರದೋ ಮನೆಯ ಹುಡುಗಿಗೆ ಆಡಿದ ತಲೆ ಒಡಹುಟ್ಟಿದವನಿಗೆ ಆಡಲಿಲ್ಲ. ಅವನು ಆ ಮೂರು ಭಾನುವಾರ, ರೊಟ್ಟಿಯ ತಟ್ಟೆ ತನ್ನನ್ನು ದಾಟಿ ಪಕ್ಕದವರ ಕೈಗೆ ಹೋಗುವುದನ್ನು ನೋಡುತ್ತ, ಸೆಟೆದ ಕಾಲು ಚಾಚಿಕೊಂಡು ಕೊನೆಯ ಬೆಂಚಿನಲ್ಲಿ ಕೂತಿದ್ದ.

"ಬರೀಬೇಡಿ," ಎಂದಳು ಮುದುಕಿ. "ನಾಳೆ ಬಂದು ಬಾಯಲ್ಲಿ ಹೇಳಿ, ಸಾಕು. ಹೇಳೋಕೆ ನಿಮಗೆ ಕಷ್ಟ ಆದ್ರೆ ಸುಮ್ಮನೆ ನಿಂತಿರಿ, ನಾನೇ ಹೇಳ್ತೀನಿ."

ಪಾಸ್ಟರು ತಲೆಯಾಡಿಸಿದರು. ಪಾಸ್ಟರಮ್ಮ ಬಾಗಿಲವರೆಗೂ ಬಂದು ನಿಂತಳು.

ಹೊರಗೆ ಮಟಮಟ ಮಧ್ಯಾಹ್ನ. ಮೆಟ್ಟಿಲ ಮೇಲೆ ಮುದುಕಿ ನಿಂತು, ಮಗಳ ಕಡೆ ತಿರುಗದೆ ಕೇಳಿದಳು.

"ಬೆರಳು ಹೊರಗಿದ್ದದ್ದು ನಿಜಾನಾ?"

"ನಿಜ ಅಮ್ಮ."

"ನೀನು ಅವನಕ್ಕ ಕಣೇ," ಎಂದಳು ತಾಯಿ.

ಸೂಜಕ್ಕ ಮುಂದೆ ಬಂದು ಕೈ ಚಾಚಿದಳು. ಮುದುಕಿ ಆ ಕೈ ಹಿಡಿಯಲಿಲ್ಲ. ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲಿಗೆ ಎರಡೆರಡು ಕಾಲೂರಿ, ಮಗ ಮಲಗಿದ್ದ ಮನೆಯ ಕಡೆಗೆ ತಾನೊಬ್ಬಳೇ ಇಳಿದು ಹೊರಟಳು.